ಕುಟ್ಟು ಗಿಡದ ಎರಡು ಹೂವು

ಆ ಶನಿವಾರ ದೊಡ್ಡ ಸರ್ ನಮ್ಮ ಹೊಲಕ್ಕೆ ಬಂದದ್ದು ಉಪಕಾರ ಮಾಡುವುದಕ್ಕೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದೆ ಓದುವವರು ಅವರ ಮೇಲೆ ಸಿಟ್ಟು ಮಾಡಿಕೊಂಡಾರು. ನಾನೂ ಮಾಡಿಕೊಂಡಿದ್ದೆ. ಆಮೇಲೆ ಆ ಸಿಟ್ಟು ಎಲ್ಲಿ ಹೋಯಿತೋ ನನಗೇ ಗೊತ್ತಾಗಲಿಲ್ಲ.

ತೊಂಬತ್ತರ ದಶಕದ ನಡುಭಾಗ. ಹಲಸೂರಿನ ಒಂದು ಹಳೆಯ ಬಂಗಲೆಯಲ್ಲಿ ನಮ್ಮ ಪುಟ್ಟ ಸಂಶೋಧನಾ ಕೇಂದ್ರವಿತ್ತು. ಟಿನ್ ಫ್ಯಾಕ್ಟರಿ ದಾಟಿ ಕೆ.ಆರ್. ಪುರದ ಆಚೆ ಒಂದಿಷ್ಟು ಹೊಲವಿತ್ತು. ಆಗಿನ್ನೂ ಆ ಕಡೆ ಜನ ರಾಗಿ, ಅವರೆ ಬೆಳೆಯುತ್ತಿದ್ದರು. ಕೇಂದ್ರಕ್ಕೆ ಮುಖ್ಯಸ್ಥೆ ನಮ್ಮ ಮೇಡಂ. ನಾನು ಜೋಗುಪಾಳ್ಯದ ಮನೆಯಿಂದ ನಡೆದುಕೊಂಡೇ ಬಂದು ಹೋಗುತ್ತಿದ್ದ ಸಂಶೋಧನಾ ಸಹಾಯಕಿ. ಹೊಲಕ್ಕೆ ಒಬ್ಬ ಮೇಸ್ತ್ರಿ. ಇನ್ನು ದೊಡ್ಡ ಸರ್ ಅಂದರೆ ನಮ್ಮ ಸಲಹೆಗಾರರು, ರಾಗಿ ತಳಿ ತಯಾರಿಸುವುದರಲ್ಲೇ ಆಯುಷ್ಯ ಸವೆಸಿ ನಿವೃತ್ತರಾಗಿ ಇಂದಿರಾನಗರದಲ್ಲಿ ನೆಲೆಸಿದ್ದ ವಿಜ್ಞಾನಿ. ಮೇಡಂಗೂ ಪಾಠ ಹೇಳಿದವರು, ಮೇಡಂಗೆ ಅನುದಾನ ಕೊಡುವವರಿಗೂ ಪಾಠ ಹೇಳಿದವರು. ಕತ್ತಿನಲ್ಲಿ ದಾರ ಕಟ್ಟಿದ ಭೂತಗನ್ನಡಿ ಯಾವಾಗಲೂ ನೇತಾಡುತ್ತಿತ್ತು.

ನಮ್ಮ ಕೆಲಸ ಕುಟ್ಟು ಎಂಬ ಗಿಡದ ಮೇಲೆ. ಇಂಗ್ಲಿಷಿನವರು ಬಕ್‌ವೀಟ್ ಎನ್ನುತ್ತಾರೆ. ಹೆಸರಿನಲ್ಲಿ ಗೋಧಿ ಇದ್ದರೂ ಗೋಧಿಗೂ ಅದಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ. ಅದು ಹುಳಿ ರುಚಿಯ ಚುಕ್ಕಿ ಸೊಪ್ಪಿನ ಕುಲದ್ದು. ಹಿಮಾಲಯದ ತಪ್ಪಲಿನ ಜನರಿಗೆ ಅದು ಊಟ. ಉತ್ತರದವರು ನವರಾತ್ರಿಯ ಉಪವಾಸಕ್ಕೆ ಅದರ ಹಿಟ್ಟು ಹುಡುಕುತ್ತಾರೆ, ಯಾಕೆಂದರೆ ಅದು ಧಾನ್ಯದ ಲೆಕ್ಕಕ್ಕೆ ಬರುವುದಿಲ್ಲ. ಆಗ ಬೆಂಗಳೂರಿನಲ್ಲಿ ಅದು ಬೇಕೆಂದರೆ ಶಿವಾಜಿನಗರದ ಒಂದೆರಡು ದಿನಸಿ ಅಂಗಡಿಗಳಲ್ಲಿ ಹಬ್ಬದ ಹೊತ್ತಿಗೆ ಸಿಕ್ಕರೆ ಸಿಕ್ಕಿತು.

ಮೇಡಂ ತಲೆಯಲ್ಲಿ ಇದ್ದದ್ದು ಇಷ್ಟು: ಮಳೆ ತಡವಾಗಿ ರಾಗಿ ಬಿತ್ತುವ ಹದ ತಪ್ಪಿದ ವರ್ಷ ನಮ್ಮ ರೈತ ನೆಲ ಬೀಳು ಬಿಡುತ್ತಾನೆ. ಆ ನೆಲದಲ್ಲಿ ಉಳಿದ ತೇವಕ್ಕೆ ಕುಟ್ಟು ಬಿತ್ತಿದರೆ ಚಳಿಗಾಲ ಮುಗಿಯುವುದರೊಳಗೆ ಕಾಳು ಕೈಗೆ ಬರುತ್ತದೆ. ಎಳೆ ಎಲೆ ಸೊಪ್ಪಾಗುತ್ತದೆ, ಕಾಳು ಹಿಟ್ಟಾಗುತ್ತದೆ, ಗೋಧಿ ಒಗ್ಗದವರಿಗೂ ಆಗುತ್ತದೆ. ಕೇಳುವುದಕ್ಕೆ ಚೆನ್ನ. ಆದರೆ ನಾವು ತರಿಸಿದ ತಳಿಗಳೆಲ್ಲ ಕಾಳು ಬಲಿಯುತ್ತಿದ್ದಂತೆ ನೆಲಕ್ಕೆ ಉದುರಿಸಿಬಿಡುತ್ತಿದ್ದವು. ಒಂದು ಕಡೆ ಹೂವು, ಇನ್ನೊಂದು ಕಡೆ ಹಸಿಗಾಯಿ, ಕೆಳಗೆ ಮಣ್ಣಿನಲ್ಲಿ ಚೆಲ್ಲಿದ ಕಾಳು. ಕೊಯ್ಯಲು ಹೋದರೆ ಗುಬ್ಬಚ್ಚಿಗಳಿಗೆ ಸಮಾರಾಧನೆ, ನಮಗೆ ಬರೀ ಕಡ್ಡಿ.

ಒಂದೇ ಒಂದು ತಳಿ ಹಾಗಲ್ಲ. ಎಷ್ಟೋ ವರ್ಷದ ಹಿಂದೆ ಮೇಡಂ ಹಿಮಾಲಯದ ಒಂದು ಹಳ್ಳಿಯಲ್ಲಿ ಒಬ್ಬ ಮುದುಕಿಯ ಮನೆಯ ಮಡಕೆಯಿಂದ ಕೇಳಿ ಪಡೆದುಕೊಂಡು ಬಂದ ಬೀಜ. ಅದರ ಕಾಳು ಬಲಿತ ಮೇಲೂ ಕಡ್ಡಿಗೆ ಕಚ್ಚಿಕೊಂಡು ನಿಲ್ಲುತ್ತಿತ್ತು. ಹಾಗೆ ತಂದದ್ದರಲ್ಲಿ ಒಂದು ಪಾಲು ಸರ್ಕಾರಿ ಬೀಜ ಸಂಗ್ರಹಕ್ಕೆ ಕೊಟ್ಟಿದ್ದರು. ಅದು ವಯಸ್ಸಾಗಿ ಮೊಳೆಯುವುದನ್ನೇ ಬಿಟ್ಟಿತ್ತು. ಆ ಹಳ್ಳಿಯಲ್ಲಿ ಈಗ ಬರೀ ಆಲೂಗಡ್ಡೆ ಹಾಕುತ್ತಾರಂತೆ. ಉಳಿದದ್ದು ನಮ್ಮ ಫ್ರಿಜ್ಜಿನಲ್ಲಿದ್ದ ಪೊಟ್ಟಣ ಮಾತ್ರ. ಆ ವರ್ಷ ದೀಪಾವಳಿಯ ಹೊತ್ತಿಗೆ ಅದನ್ನು ಪೂರ್ತಿ ಬಿತ್ತಿದೆವು. ಮೊಳೆತದ್ದು ಒಂದು ಸಣ್ಣ ಮಡಿ ತುಂಬುವಷ್ಟು.

ಬೇರೆ ತಳಿಗಳ ಪರಾಗ ಹಾರಿ ಬಂದು ಇದರ ಗುಣ ಕೆಡಬಾರದೆಂದು ಇದೊಂದಕ್ಕೆ ಮಾತ್ರ ಸೊಳ್ಳೆಪರದೆಯ ಗುಡಾರ ಹಾಕಿದೆವು. ಗುಡಾರ ಹೊಲಿದುಕೊಟ್ಟವರು ಶಿವಾಜಿನಗರದ ಒಬ್ಬ ಟೈಲರ್. ಬಟ್ಟೆಯ ಅಳತೆ ಹೇಳಿದಾಗ ಕತ್ತರಿ ಕೆಳಗಿಟ್ಟು, "ಇಷ್ಟು ದೊಡ್ದು ಪರ್ದಾನಾ? ಯಾರ್ದು ಶಾದಿ ಮೇಡಂ?" ಎಂದು ಕೇಳಿದರು. ಗಿಡದ್ದು ಎಂದೆ. "ಗಿಡಕ್ಕೂ ಸೊಳ್ಳೆ ಕಚ್ಚುತ್ತಾ? ಯಾ ಅಲ್ಲಾ!" ಎಂದು ನಕ್ಕರು. ಅವರು ಕೇಳಿದ ಶಾದಿಯ ಮಾತು ನಿಜವೇ ಆಗಿತ್ತು. ಕುಟ್ಟು ಗಿಡದ ಮದುವೆಯ ನಿಯಮ ಗೊತ್ತಿಲ್ಲದಿದ್ದರೆ ಈ ಕಥೆಯೂ ಗೊತ್ತಾಗುವುದಿಲ್ಲ.

ಈ ಗಿಡದಲ್ಲಿ ಹೂವು ಎರಡು ಬಗೆ. ಒಂದು ಗಿಡದ ಹೂವೆಲ್ಲ ಒಂದೇ ಬಗೆ. ಒಂದು ಬಗೆಯಲ್ಲಿ ಹೆಣ್ಣುಭಾಗದ ಮೂರು ಎಳೆಗಳು ಉದ್ದವಾಗಿ ಗುಂಡುಸೂಜಿಯ ಹಾಗೆ ಹೊರಗೆ ಇಣುಕುತ್ತವೆ, ಗಂಡುಕೇಸರ ಗಿಡ್ಡ. ಇದನ್ನು ನಾವು ಸೂಜಿ ಎನ್ನುತ್ತಿದ್ದೆವು. ಇನ್ನೊಂದರಲ್ಲಿ ಕೇಸರಗಳು ಉದ್ದ, ತುದಿಯಲ್ಲಿ ನಸುಗೆಂಪು ಪರಾಗಕೋಶ, ಹೆಣ್ಣುಭಾಗ ಒಳಗೆ ಅಡಗಿ ಕೂತಿರುತ್ತದೆ. ಅದಕ್ಕೆ ಕುಚ್ಚು ಎಂದು ಹೆಸರಿಟ್ಟಿದ್ದೆವು. ಸೂಜಿಯ ಪರಾಗ ಸೂಜಿಗೆ ಬಿದ್ದರೆ ಕಾಳು ಕಟ್ಟುವುದಿಲ್ಲ. ಕುಚ್ಚಿನದು ಕುಚ್ಚಿಗೂ ಆಗುವುದಿಲ್ಲ. ಸೂಜಿಗೆ ಕುಚ್ಚು, ಕುಚ್ಚಿಗೆ ಸೂಜಿ, ಅಷ್ಟೇ. ಸಗೋತ್ರದಲ್ಲಿ ಹೆಣ್ಣು ತರದ ನಮ್ಮ ಹಿರಿಯರಿಗಿಂತಲೂ ಈ ಗಿಡ ಕಟ್ಟುನಿಟ್ಟು. ನಡುವೆ ಓಡಾಡುವ ದಲ್ಲಾಳಿ ಜೇನುಹುಳು. ಇಷ್ಟು ಪುಟ್ಟ ಹೂವಿನೊಳಗೆ ಇಷ್ಟೆಲ್ಲ ಏರ್ಪಾಡು ಇರುವುದನ್ನು ಮೊದಲ ಸಲ ಸೂಕ್ಷ್ಮದರ್ಶಕದಲ್ಲಿ ಕಂಡ ದಿನ ನಾನು ಮಧ್ಯಾಹ್ನದ ಊಟ ಮರೆತಿದ್ದೆ.

ಹೂವು ಬಿಡಲು ಶುರುವಾದ ವಾರ ನಾನು ಹೊಸಕೋಟೆ ಆಚೆಯ ಜೇನುಸಾಕಣೆದಾರರೊಬ್ಬರ ಬಳಿ ಒಂದು ತುಡುವೆ ಜೇನಿನ ಪೆಟ್ಟಿಗೆ ತರಲು ಹೋದೆ. ಮೇಡಂ ದೆಹಲಿಯಲ್ಲಿದ್ದರು. ಹೊಲದಲ್ಲಿ ಮೇಸ್ತ್ರಿ ಒಬ್ಬನೇ. ಭಾನುವಾರ ಸಂಜೆ ಪೆಟ್ಟಿಗೆ ತಂದು ಗುಡಾರದೊಳಗೆ ಇಟ್ಟು, ಕತ್ತಲಾಗಿದ್ದರಿಂದ ಏನನ್ನೂ ನೋಡದೆ ಮನೆಗೆ ಹೋದೆ. ಸೋಮವಾರ ಬೆಳಿಗ್ಗೆ ಬಂದು ಪೆಟ್ಟಿಗೆಯ ಬಾಗಿಲು ತೆಗೆದು, ಹುಳುಗಳು ಹೊರಟು ಹೂವಿನ ಮೇಲೆ ಕೂರುವುದನ್ನು ಸಂತೋಷದಿಂದ ನೋಡುತ್ತ ನಿಂತೆ. ಸ್ವಲ್ಪ ಹೊತ್ತಿಗೆ ಮಡಿಯಲ್ಲಿ ಅಲ್ಲಲ್ಲಿ ಬರಿದಾದ ಜಾಗ ಕಣ್ಣಿಗೆ ಬಿತ್ತು. ಬಗ್ಗಿ ಒಂದು ಹೂವು ನೋಡಿದೆ, ಸೂಜಿ. ಪಕ್ಕದ ಗಿಡ, ಸೂಜಿ. ಸಾಲಿನ ಕೊನೆತನಕ ಹೋದೆ. ಎಲ್ಲವೂ ಸೂಜಿ.

ಮೇಸ್ತ್ರಿಯನ್ನು ಕೂಗಿದೆ. ಅವನು ಪರದೆ ಎತ್ತಿ ನಗುನಗುತ್ತ ಬಂದ.

"ಇಲ್ಲಿ ಗಿಡ ಯಾಕೆ ಕಮ್ಮಿಯಾಗಿದೆ?"

"ಶನಿವಾರ ದೊಡ್ಡ ಸಾರ್ ಬಂದಿದ್ರು ಮೇಡಂ. ಬೀಜದಲ್ಲಿ ಬೆರಕೆ ಇದೆ ಅಂತ ಗ್ಲಾಸ್ ಹಾಕ್ಕೊಂಡು ಒಂದೊಂದೇ ಗಿಡ ನೋಡಿ ತೋರಿಸಿದ್ರು, ನಾನು ಕಿತ್ತೆ. ಅನುದಾನ ಕೊಡೋ ಕಮಿಟಿಯವ್ರು ನೋಡೋಕೆ ಬಂದಾಗ ಮಡಿ ಕ್ಲೀನಾಗಿರ್ಬೇಕು ಅಂದ್ರು. ಬಿಸಿಲಲ್ಲಿ ಕೂತ್ಕೊಂಡೇ ಮಾಡಿದ್ರು, ಪಾಪ, ಈ ವಯಸ್ಸಲ್ಲಿ."

"ಕಿತ್ತಿದ್ದೆಲ್ಲ ಎಲ್ಲಿ?"

"ಬೆರಕೆ ಹೊಲದಲ್ಲಿ ಬಿಡ್ಬಾರ್ದಲ್ವಾ? ಪಕ್ಕದ್ಮನೆ ಹಸುಗೆ ಹಾಕ್ಬಿಟ್ಟೆ."

ರಾಗಿ ಹೊಲದ ಶಿಸ್ತು ಗೊತ್ತಿರುವವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ರಾಗಿ ತನ್ನ ಪರಾಗ ತಾನೇ ಬಳಸಿಕೊಳ್ಳುವ ಬೆಳೆ. ಒಂದು ತಳಿಯ ಗಿಡಗಳೆಲ್ಲ ಅಚ್ಚಿನಲ್ಲಿ ಹೊಯ್ದ ಹಾಗೆ ಒಂದೇ ತರಹ ಇರಬೇಕು. ಬೇರೆಯಾಗಿ ಕಂಡದ್ದನ್ನು ಕಿತ್ತು ಹೊಲದಿಂದ ಹೊರಗೆ ಹಾಕಬೇಕು. ಬೀಜದ ಶುದ್ಧತೆಗೆ ಅದೇ ದಾರಿ. ದೊಡ್ಡ ಸರ್ ರಸ್ತೆಯಲ್ಲಿ ಹೋಗುವಾಗ ಯಾರದೋ ಹೊಲದಲ್ಲಿ ಬೆರಕೆ ಕಂಡರೂ ಇಳಿದು ಕಿತ್ತು ಬರುತ್ತಾರೆ ಎಂದು ಅವರ ಶಿಷ್ಯರು ತಮಾಷೆ ಮಾಡುತ್ತಿದ್ದರು. ನಮ್ಮ ಮಡಿಯಲ್ಲಿ ಅದೃಷ್ಟ ಕೆಟ್ಟು ಕುಚ್ಚಿನ ಗಿಡಗಳು ಕಡಿಮೆ ಇದ್ದವು. ಕಡಿಮೆ ಇದ್ದದ್ದು ಬೆರಕೆ ಎಂದು ಅವರ ಕಣ್ಣು ತೀರ್ಪು ಕೊಟ್ಟಿತು. ಒಂದನ್ನೂ ಬಿಟ್ಟಿರಲಿಲ್ಲ, ಅಷ್ಟು ಚೊಕ್ಕ ಕೆಲಸ.

ಜೇನುಹುಳುಗಳು ಮಾತ್ರ ಸೂಜಿಯಿಂದ ಸೂಜಿಗೆ ಹಾರುತ್ತಲೇ ಇದ್ದವು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಟಿನ್ ಫ್ಯಾಕ್ಟರಿಯ ಎಸ್‌ಟಿಡಿ ಬೂತಿನಿಂದ ಮೇಡಂಗೆ ಫೋನು ಮಾಡಿದೆ. ಹಿಂದೆ ಬಸ್ಸುಗಳ ಹಾರನ್ ಸದ್ದು, ನಾನು ಕಿರುಚಿಕೊಂಡೇ ಹೇಳಬೇಕಾಯಿತು.

"ಸರ್‌ಗೆ ಗೊತ್ತಾ?" ಎಂದರು ಮೇಡಂ.

"ಇಲ್ಲ ಮೇಡಂ. ಯಾರು ಹೇಳೋದು?"

"ನಾನೇ ಹೇಳ್ತೀನಿ. ಫೋನಲ್ಲಿ ಬೇಡ. ನೀನು ಯಾರ ಹತ್ರಾನೂ ಮಾತಾಡ್ಬೇಡ. ಮೇಸ್ತ್ರಿಗೆ ಬೈಬೇಡ. ಪರದೆ ಮುಚ್ಚಿಡು, ನಾಳೆ ಬರ್ತೀನಿ."

ನಾನಾಗಿದ್ದರೆ ಅತ್ತುಬಿಡುತ್ತಿದ್ದೆ. ಅವರು ಆ ಬೀಜಕ್ಕೋಸ್ಕರ ಬೆಟ್ಟ ಹತ್ತಿದವರು, ಫ್ರಿಜ್ಜಿನ ಕರೆಂಟು ಹೋದರೆ ಪೊಟ್ಟಣ ಎತ್ತಿಕೊಂಡು ಮನೆಗೆ ಓಡಿದವರು. ಅಂಥವರ ಬಾಯಿಂದ ಬಂದದ್ದು ಮೇಸ್ತ್ರಿಗೆ ಬೈಯಬೇಡ ಎಂಬ ಮಾತು.

ಮರುದಿನ ಮೇಡಂ ಬಂದು ದೊಡ್ಡ ಸರ್ ಅವರನ್ನು ಹೊಲಕ್ಕೆ ಕರೆಸಿಕೊಂಡರು. ಆಟೋದಿಂದ ಇಳಿಯುತ್ತಲೇ ಅವರು, "ನೋಡಿದೆಯೇನಮ್ಮಾ ಮಡೀನ? ಈಗ ಯಾವ ಕಮಿಟಿ ಬೇಕಾದ್ರೂ ಬರ್ಲಿ" ಎಂದರು. ಮೇಡಂ ಅವರನ್ನು ಗುಡಾರದೊಳಗೆ ಕರೆದುಕೊಂಡು ಹೋಗಿ ಒಂದು ಸೂಜಿ ಹೂವನ್ನು ಅವರ ಅಂಗೈ ಮೇಲಿಟ್ಟರು. ಅದರ ಪಕ್ಕದಲ್ಲೇ ಹೊರಗಿನ ಬೇರೆ ತಳಿಯಿಂದ ಕಿತ್ತು ತಂದ ಕುಚ್ಚು ಹೂವನ್ನಿಟ್ಟರು.

"ಸರ್, ಇದು ಎರಡು ತಳಿ ಅಲ್ಲ. ಒಂದೇ ತಳಿ. ಇದಿಲ್ದೆ ಅದು ಕಾಳು ಕಟ್ಟಲ್ಲ."

ದೊಡ್ಡ ಸರ್ ಭೂತಗನ್ನಡಿ ಎತ್ತಿದರು. ಒಂದು ನೋಡಿದರು, ಇನ್ನೊಂದು ನೋಡಿದರು. ಮತ್ತೆ ಮೊದಲಿನದನ್ನೇ ನೋಡಿದರು.

"ಪ್ರಿಮ್ಯುಲಾ ಹೂವಲ್ಲಿ ಹೀಗೇ ಇರತ್ತೆ" ಎಂದರು. "ಬಿ.ಎಸ್ಸಿ. ಹುಡುಗ್ರಿಗೆ ಬೋರ್ಡ್ ಮೇಲೆ ಬರೆದು ಹೇಳ್ತಿದ್ದೆ ನಾನು. ಇದೇ ಚಿತ್ರ. ಇದೇ ಉದ್ದ, ಇದೇ ಗಿಡ್ಡ." ಆಮೇಲೆ ತುಂಬಾ ಮೆಲ್ಲಗೆ, "ತಲೆಗೆ ಗೊತ್ತಿತ್ತು ಕಣಮ್ಮಾ. ಕೈಗೆ ಗೊತ್ತಿರ್ಲಿಲ್ಲ."

ಮೇಸ್ತ್ರಿ ಒಂದು ಸ್ಟೂಲು ತಂದಿಟ್ಟ. ಅವರು ಕೂರಲಿಲ್ಲ.

ಸುಲಭದ ದಾರಿಯೊಂದಿತ್ತು, ಅದನ್ನು ಹೇಳಿದವರೂ ಅವರೇ. ಹೊರಗಿನ ತಳಿಗಳಲ್ಲಿ ಬೇಕಾದಷ್ಟು ಕುಚ್ಚು ಹೂವಿದೆ, ಅದರ ಪರಾಗ ತಂದು ಇವಕ್ಕೆ ಮುಟ್ಟಿಸಿದರೆ ಬುಟ್ಟಿಗಟ್ಟಲೆ ಕಾಳು ಬರುತ್ತದೆ, ಕಮಿಟಿಗೆ ತೋರಿಸಲು ಮಡಿ ತುಂಬುತ್ತದೆ, ಯೋಜನೆ ಮುಂದುವರಿಯುತ್ತದೆ. ನನಗೂ ಅದೇ ಸರಿ ಅನ್ನಿಸಿತು. ಕೈಗೆ ಬಂದ ತುತ್ತು ಬಾಯಿಗೆ ಬರದೆ ಹೋಗುವುದಕ್ಕಿಂತ ಅರ್ಧ ತುತ್ತಾದರೂ ಸಿಗಲಿ ಎನ್ನುವ ಲೆಕ್ಕ.

ಮೇಡಂ ಗುಡಾರದ ಕಂಬ ಹಿಡಿದುಕೊಂಡು ನಿಂತಿದ್ದರು. "ಬೇಡ ಸರ್" ಎಂದರು. "ಕಾಳೇನೋ ಬರತ್ತೆ. ಆದ್ರೆ ಅದು ಆ ಅಜ್ಜಿ ಕೊಟ್ಟ ಬೀಜ ಅಲ್ಲ. ಉದುರೋ ತಳಿ ಅರ್ಧ ಸೇರಿಕೊಂಡಿರತ್ತೆ. ಚೀಟಿ ಮೇಲೆ ಹಳೇ ಹೆಸ್ರು, ಒಳಗೆ ಬೇರೆ. ಆಗ್ಲೇ ಅದು ನಿಜವಾದ ಕಲಬೆರಕೆ."

"ಹಾಗಾದ್ರೆ ಏನೂ ಬರಲ್ಲ."

"ಬರ್ದಿದ್ರೆ ಬರ್ಲಿಲ್ಲ ಅಂತಾನೇ ಬರೀತೀನಿ."

ಅಷ್ಟು ಹೇಳಿ ಜೇನುಪೆಟ್ಟಿಗೆಯನ್ನು ಗುಡಾರದಿಂದ ತೆಗೆಸಿ ದೂರ ಇಡಿಸಿದರು. ಆಮೇಲೆ ನನ್ನ ಮತ್ತು ಮೇಸ್ತ್ರಿಯ ಕಡೆ ತಿರುಗಿ, ಈ ಪೊಟ್ಟಣದ ಬೀಜ ಬೇರೆಲ್ಲಾದರೂ ಮೊಳೆತಿದೆಯಾ, ಯೋಚನೆ ಮಾಡಿ ಹೇಳಿ ಎಂದರು. ನಾನು ಯೋಚಿಸುವ ಅಗತ್ಯವಿರಲಿಲ್ಲ. ಮೊಳೆತಿತ್ತು. ನಮ್ಮ ಮನೆಯ ತಾರಸಿಯ ಮೇಲೆ.

ಬಿತ್ತುವ ಮುಂಚೆ ಬೀಜಕ್ಕೆ ಜೀವವಿದೆಯೇ ಎಂದು ನೋಡಲು ಒದ್ದೆ ಕಾಗದದ ಮೇಲೆ ಒಂದಷ್ಟನ್ನು ಮೊಳೆಸುತ್ತೇವೆ. ಎಣಿಸಿದ ಮೇಲೆ ಮೊಳಕೆಯನ್ನು ಎಸೆಯುವುದು ಪದ್ಧತಿ. ನಾನು ಒಂದು ದಿನ ಅದನ್ನು ಟಿಫಿನ್ ಡಬ್ಬಿಯಲ್ಲಿ ಮನೆಗೆ ಒಯ್ದಿದ್ದೆ, ಅಮ್ಮನಿಗೆ ತೋರಿಸಲು. ಹಸಿರಾಗಿ ಇರುವುದನ್ನು ಎಸೆಯುವುದು ನಮ್ಮಮ್ಮನಿಗೆ ಆಗದ ಕೆಲಸ; ಹಳೆಯ ಎಣ್ಣೆ ಡಬ್ಬಗಳಿಗೆ ಮಣ್ಣು ತುಂಬಿ ನೆಟ್ಟಿದ್ದಳು. ಅವತ್ತು ನಾನು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿದಾಗ ಅಮ್ಮ ತಾರಸಿಯ ಮೇಲೆ ಮೆಣಸಿನಕಾಯಿ ಹರಡುತ್ತಿದ್ದಳು.

"ಅಮ್ಮಾ, ಆ ಡಬ್ಬಗಳ ಗಿಡ?"

"ಬಸ್ಸಾರು ಮಾಡಿದ್ನಲ್ಲೇ ಮೊನ್ನೆ? ಹುಳಿಹುಳಿಯಾಗಿ ಚೆನ್ನಾಗಿದೆ ಅಂತ ನೀನೇ ಎರಡನೇ ಸಲ ಹಾಕಿಸ್ಕೊಂಡೆ!"

ದೊಡ್ಡ ಸರ್ ಹಸುವಿಗೆ ಹಾಕಿಸಿದರೆ ನಾನೇ ಅನ್ನದಲ್ಲಿ ಕಲಸಿ ತಿಂದಿದ್ದೆ.

"ಎಲ್ಲಾನೂ?"

"ಎಲ್ಲಾ ಯಾಕೆ? ಹೂವು ಬಿಟ್ಟಿದ್ದನ್ನ ಹಂಗೇ ಬಿಟ್ಟಿದೀನಿ, ದೇವ್ರಿಗೆ ಆಗತ್ತೆ ಅಂತ. ಅಲ್ನೋಡು, ನೀರಿನ ಟ್ಯಾಂಕ್ ಪಕ್ಕ."

ಮೂರು ಗಿಡ ಉಳಿದಿದ್ದವು. ಒಂದು ಸೂಜಿ, ಇನ್ನೊಂದೂ ಸೂಜಿ. ಮೂರನೆಯದು ಟ್ಯಾಂಕಿನ ನೆರಳಿಗೆ ಬಾಗಿ ಸೊರಗಿತ್ತು, ಎರಡೇ ಗೊಂಚಲು ಹೂವು. ಬಗ್ಗಿ ನೋಡಿದೆ. ನಸುಗೆಂಪು ಕುಚ್ಚು. ನಾನು ಅಮ್ಮನನ್ನು ತಬ್ಬಿಕೊಂಡಿದ್ದು ನೋಡಿ ಪಕ್ಕದ ತಾರಸಿಯ ತಮಿಳು ಅಜ್ಜಿ, "ಎನ್ನಮ್ಮಾ, ಕಲ್ಯಾಣಮಾ?" ಎಂದು ಕೇಳಿದಳು. ಎಲ್ಲರಿಗೂ ಮದುವೆಯದೇ ಯೋಚನೆ.

ಮರುದಿನ ಮೊದಲ ಬಸ್ಸಿಗೆ ಕುಚ್ಚಿನ ಡಬ್ಬವನ್ನು ಮಡಿಲಲ್ಲಿಟ್ಟುಕೊಂಡು ಹೊರಟೆ. ಕಂಡಕ್ಟರ್ ಬಂದು, "ಏನ್ರೀ ಇದು, ತುಳಸಿನಾ?" ಎಂದ. ಅಲ್ಲ, ಜಗತ್ತಿನಲ್ಲಿ ಇಂಥದ್ದು ಇದೊಂದೇ ಉಳಿದಿರೋದು ಎಂದೆ. ಅವನು ನನ್ನ ಮುಖವನ್ನೂ ಡಬ್ಬವನ್ನೂ ನೋಡಿ, "ಹಂಗಾದ್ರೆ ಬಾಗಿಲ ಹತ್ರ ಕೂತ್ಕೋಬೇಡಿ, ಮುಂದೆ ಬನ್ನಿ" ಎಂದು ಹೆಂಗಸರ ಸೀಟಿನ ಕಿಟಕಿಯ ಕಡೆ ಜಾಗ ಬಿಡಿಸಿಕೊಟ್ಟ. ಬೈಯಪ್ಪನಹಳ್ಳಿ ದಾಟುವಾಗ ಗುಂಡಿಗೆ ಬಸ್ಸು ಎಗರಿದಾಗಲೆಲ್ಲ ನಾನು ಡಬ್ಬವನ್ನು ಮೇಲಕ್ಕೆತ್ತಿ ಹಿಡಿದೆ. ಆದರೂ ಹೊಲ ತಲುಪುವ ಹೊತ್ತಿಗೆ ಗಿಡ ತಲೆ ಬಾಗಿಸಿಬಿಟ್ಟಿತು.

ದೊಡ್ಡ ಸರ್ ನಮಗಿಂತ ಮುಂಚೆ ಬಂದು ಕಾಯುತ್ತಿದ್ದರು. ಜೇಬಿನಿಂದ ಚರ್ಮದ ಸಣ್ಣ ಚೀಲ ತೆಗೆದು ಬಿಚ್ಚಿದರು. ಒಳಗೆ ಸೂಜಿಯಂಥ ತುದಿಯ ಚಿಮುಟಗಳು. ರಾಗಿ ಹೂವಿನಷ್ಟು ಸಣ್ಣ ಹೂವು ನಮ್ಮ ಬೆಳೆಗಳಲ್ಲಿ ಕಡಿಮೆ. ಅದನ್ನು ಬಿಡಿಸಿ, ಗಂಡುಭಾಗ ತೆಗೆದು, ಬೇರೆ ತಳಿಯ ಪರಾಗ ಕೂಡಿಸುವುದು ಎಲ್ಲರ ಕೈಲಾಗುವ ಕೆಲಸವಲ್ಲ. ಅದರಲ್ಲಿ ಅವರ ಹೆಸರು ದೊಡ್ಡದು. "ನಾನು ಮಾಡ್ಲೇನಮ್ಮಾ?" ಎಂದು ಮೇಡಂ ಮುಖ ನೋಡಿದರು. ಅವರು ಯಾರ ಬಳಿಯೂ ಹೀಗೆ ಅಪ್ಪಣೆ ಕೇಳಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

"ನೀವೇ ಮಾಡ್ಬೇಕು ಸರ್. ನನ್ನ ಕೈ ನಡುಗತ್ತೆ" ಎಂದರು ಮೇಡಂ. ಅವರ ಕೈ ನಡುಗುತ್ತಿರಲಿಲ್ಲ.

ಆದರೆ ಮೊದಲ ಪ್ರಯತ್ನ ಕೈಕೊಟ್ಟಿತು. ಬಸ್ಸಿನ ಕುಲುಕಾಟಕ್ಕೋ ಬಿಸಿಲಿಗೋ ಗಿಡ ಅರಳಿದ್ದ ಹೂವನ್ನೆಲ್ಲ ಉದುರಿಸಿತು. ಮುಟ್ಟಿಸಿದ ಒಂದಷ್ಟು ಹೂವಿನಲ್ಲೂ ಏನೂ ಕಟ್ಟಲಿಲ್ಲ. ಗುಡಾರದ ಸೂಜಿ ಹೂವುಗಳು ಬೆಳಿಗ್ಗೆ ಅರಳಿ ಸಂಜೆಗೆ ಮುದುಡಿ ವ್ಯರ್ಥವಾಗುತ್ತಿದ್ದವು. ಪುಣ್ಯಕ್ಕೆ ಕುಟ್ಟು ಒಂದೇ ಸಲ ಹೂವು ಬಿಟ್ಟು ಮುಗಿಸುವ ಗಿಡವಲ್ಲ, ವಾರಗಟ್ಟಲೆ ಬಿಡುತ್ತಲೇ ಇರುತ್ತದೆ. ಕಾಯುವುದಕ್ಕೆ ನಮಗೆ ಅಷ್ಟು ದಿನ ಸಾಲ ಕೊಟ್ಟಿತ್ತು. ದಿನಾ ಏನಾದರೂ ಮಾಡಬೇಕೆಂದು ನನಗೆ ಚಡಪಡಿಕೆ. ಗೊಬ್ಬರ ಹಾಕೋಣವಾ, ಬೇರೆ ಡಬ್ಬಕ್ಕೆ ಹಾಕೋಣವಾ ಎಂದು ಪ್ರಾಣ ತಿಂದೆ. "ಅದನ್ನ ಅದರ ಪಾಡಿಗೆ ಬಿಡು" ಎಂದು ಮೇಡಂ ಗದರಿದರು. ಗುಡಾರದ ಒಂದು ಮೂಲೆಯಲ್ಲಿ ಡಬ್ಬ ಹೂತು, ಮೇಲೆ ಒದ್ದೆ ಗೋಣಿಚೀಲದ ನೆರಳು ಕಟ್ಟಿಸಿದರು. ದೊಡ್ಡ ಸರ್ ದಿನಾ ಬಂದು ಅದರ ಎದುರು ಸ್ಟೂಲು ಹಾಕಿಕೊಂಡು ಕೂತು ಹೋಗುತ್ತಿದ್ದರು. ಹೆರಿಗೆ ವಾರ್ಡಿನ ಹೊರಗೆ ಕೂತ ತಂದೆಯ ಹಾಗೆ ಕಾಣುತ್ತಿದ್ದರು.

ಒಂದು ಬೆಳಿಗ್ಗೆ ಗಿಡ ತಲೆಯೆತ್ತಿತ್ತು. ಪಕ್ಕದಿಂದ ಎರಡು ಹೊಸ ಕವಲು ಒಡೆದು, ತುದಿಯಲ್ಲಿ ಬಿಳಿ ಮೊಗ್ಗು. ಅಲ್ಲಿಂದ ಕೆಲಸ ಶುರುವಾಯಿತು. ಬಿಸಿಲೇರಿದರೆ ಪರಾಗ ಸಾಯುತ್ತದೆ, ಆದ್ದರಿಂದ ಇಬ್ಬನಿ ಆರುತ್ತಿದ್ದಂತೆ ಕೂರಬೇಕು. ದೊಡ್ಡ ಸರ್ ಒಂದು ಕುಚ್ಚು ಹೂವನ್ನು ಚಿಮುಟದಲ್ಲಿ ಹಿಡಿದು, ಅದರ ನಸುಗೆಂಪು ತುದಿಗಳನ್ನು ಸೂಜಿ ಹೂವಿನ ಮೂರೂ ಎಳೆಗಳಿಗೆ ಒಂದೊಂದಾಗಿ ತಾಗಿಸುವರು. ಒಂದು ಹೂವಿನ ಪರಾಗವನ್ನು ಎಷ್ಟು ಹೂವಿಗೆ ಹಂಚಬಹುದೋ ಅಷ್ಟಕ್ಕೂ ಹಂಚುವರು. ಮುಗಿದ ಹೂವಿನ ಕೆಳಗೆ ನಾನು ಕೆಂಪು ದಾರ ಕಟ್ಟುವೆ. ಮೇಡಂ ಸೂಜಿಯ ಪರಾಗ ಒಯ್ದು ಡಬ್ಬದ ಗಿಡಕ್ಕೆ ಮುಟ್ಟಿಸುವರು, ಅದರಲ್ಲೂ ಕಾಳು ಕಟ್ಟಬೇಕಲ್ಲ. ಮೇಸ್ತ್ರಿ ಹೊರಗೆ ನಿಂತು ಪರದೆಯೊಳಗೆ ಒಂದು ಹುಳುವೂ ನುಸುಳದ ಹಾಗೆ ಕಾಯುವನು. ಬೆನ್ನು ಬಗ್ಗಿಸಿದವರು ಎದ್ದಾಗ ಎಪ್ಪತ್ತು ದಾಟಿದ ದೊಡ್ಡ ಸರ್ ಮೊಣಕಾಲು ಹಿಡಿದುಕೊಂಡು ನಿಲ್ಲುತ್ತಿದ್ದರು. ಸಾಕು ಸರ್ ಎಂದರೆ, "ಇನ್ನೊಂದು ಸಾಲಿದೆ" ಎನ್ನುತ್ತಿದ್ದರು. ಅವರ ಕೈ ನೋಡುತ್ತ ನಾನು ಎಷ್ಟೋ ಸಲ ದಾರ ಕಟ್ಟುವುದನ್ನೇ ಮರೆತಿದ್ದೇನೆ. ಹೂವು ಅಲುಗುತ್ತಲೇ ಇರಲಿಲ್ಲ.

ಕಮಿಟಿ ಬರುವ ದಿನ ಹತ್ತಿರವಾಗಿತ್ತು. ಮಡಿಯಲ್ಲಿ ತೋರಿಸಲು ಏನೂ ಇರಲಿಲ್ಲ. ಮೇಡಂ ಕಮಿಟಿಯವರಿಗೆ ಪತ್ರ ಬರೆದು, ಈ ಹಂಗಾಮು ಬೇಡ, ಮುಂದಿನ ಬೆಳೆಗೆ ಬನ್ನಿ ಎಂದು ಕೇಳಿಕೊಂಡರು. ಹಾಗೆ ಮುಂದೂಡಿದವರಿಗೆ ಅನುದಾನ ನಿಲ್ಲುವ ಸಂಭವವೇ ಹೆಚ್ಚು. ನನ್ನ ಕೆಲಸವೂ ಅದರ ಜೊತೆಗೇ ಹೋಗುತ್ತಿತ್ತು. "ಹೆದರಿಕೆ ಆಗತ್ತಾ?" ಎಂದು ಮೇಡಂ ಒಮ್ಮೆ ಕೇಳಿದರು. ಆಗುತ್ತೆ ಎಂದೆ. "ನಂಗೂ ಆಗತ್ತೆ ಕಣೇ" ಎಂದು ನಕ್ಕರು.

ಆಮೇಲೆ ಒಂದು ದಿನ ಕೆಂಪು ದಾರದ ಮೇಲೆ ಒಣಗಿದ ದಳಗಳ ನಡುವಿನಿಂದ ಮೂರು ಮೂಲೆಯ ಹಸಿರು ಕಾಳೊಂದು ಮೂತಿ ಹೊರಗೆ ಹಾಕಿತ್ತು. ನಾನು ಕೂಗಿದ ಕೂಗಿಗೆ ಮೇಸ್ತ್ರಿ ಹಾವು ಬಂತೆಂದು ಕೋಲು ಹಿಡಿದು ಓಡಿಬಂದ. ದೊಡ್ಡ ಸರ್ ಭೂತಗನ್ನಡಿ ಹಿಡಿದು ನೋಡಿದರು, ಕನ್ನಡಕ ತೆಗೆದು ಒರೆಸಿಕೊಂಡರು, ಮತ್ತೆ ನೋಡಿದರು. ಮೇಡಂ ನೋಡಲೇ ಇಲ್ಲ. ಗುಡಾರದಿಂದ ಹೊರಗೆ ಹೋಗಿ ರಸ್ತೆಯ ಕಡೆ ಮುಖ ಮಾಡಿ ನಿಂತುಬಿಟ್ಟರು. ಕೊಯ್ಲಿಗೆ ಸಿಕ್ಕಿದ್ದು ಒಂದು ಬಟ್ಟಲಿನಷ್ಟು. ಬಲಿತ ಮೇಲೂ ಒಂದೂ ತಾನಾಗಿ ಉದುರಿರಲಿಲ್ಲ.

ಅಷ್ಟಾದರೂ ನಮ್ಮ ಆತಂಕ ಮುಗಿದಿರಲಿಲ್ಲ. ಆ ಕಾಳು ಬಿತ್ತಿದಾಗ ಎರಡೂ ಬಗೆಯ ಗಿಡ ಬಂದರೆ ಮಾತ್ರ ತಳಿ ಉಳಿದ ಹಾಗೆ. ಶಾಸ್ತ್ರದ ಪ್ರಕಾರ ಒಂದು ಕುಚ್ಚು ಗಿಡ ಸಾಕು, ಮಕ್ಕಳಲ್ಲಿ ಸುಮಾರಾಗಿ ಅರ್ಧ ಸೂಜಿ, ಅರ್ಧ ಕುಚ್ಚು ಹುಟ್ಟಬೇಕು. ಮುಂದಿನ ಚಳಿಗಾಲ ಅದೇ ಗುಡಾರದಲ್ಲಿ ಬಿತ್ತಿ, ಹೂವು ಬಿಟ್ಟ ವಾರವೇ, ಮುಂದೂಡಲು ಒಪ್ಪಿದ್ದ ಕಮಿಟಿಯವರನ್ನು ಕರೆದೆವು. ನಾನು ಬೆಳಿಗ್ಗೆಯೇ ಹೋಗಿ ಸಾಲು ಸಾಲು ನೋಡಿದೆ. ಸೂಜಿ, ಕುಚ್ಚು, ಕುಚ್ಚು, ಸೂಜಿ. ಗಟ್ಟಿಯಾಗಿ ಹೇಳಿಕೊಂಡೇ ಓಡಾಡಿದೆ.

ಕಮಿಟಿಯ ಅಧ್ಯಕ್ಷರು ನರೆಗೂದಲಿನ ದೊಡ್ಡ ಅಧಿಕಾರಿ, ದೊಡ್ಡ ಸರ್ ಅವರ ಹಳೆಯ ಶಿಷ್ಯರು. ಅವರ ಜೊತೆ ಬಂದ ಮೂವರೂ ಆ ಬಳಗದವರೇ. ವರದಿ ಓದಿಕೊಂಡು ಬಂದಿದ್ದರು. ಅಧ್ಯಕ್ಷರು ಗುಡಾರದ ಎದುರು ನಿಂತು, ಹೋದ ವರ್ಷ ಈ ತಳಿಯ 'ಕುಚ್ಚು' ಗಿಡಗಳು ನಾಶವಾದವು ಎಂದು ಬರೆದಿದ್ದೀರಲ್ಲ, ಹೇಗೆ ಎಂದು ಕೇಳಿದರು.

ಮೇಡಂ ಕಣ್ಣು ಮಿಟುಕಿಸಲಿಲ್ಲ. "ನಿರ್ವಹಣೆಯಲ್ಲಿ ಆದ ತಪ್ಪು ಸರ್. ಹೊಲದ ಹೊಣೆ ನಂದು."

ದೊಡ್ಡ ಸರ್ ಸ್ಟೂಲಿನಿಂದ ಎದ್ದರು. ಮೊಣಕಾಲು ನೋಯುತ್ತಿತ್ತೇನೋ, ಎದ್ದು ನಿಲ್ಲಲು ಸ್ವಲ್ಪ ಹೊತ್ತು ಹಿಡಿಯಿತು. ಎಲ್ಲರೂ ಕಾದರು.

"ಅವಳದ್ದಲ್ಲ ಕಣಯ್ಯಾ. ಕಿತ್ತೋನು ನಾನು."

ಶಿಷ್ಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬರು ನಗಲು ಹೋಗಿ ಅರ್ಧಕ್ಕೆ ನಿಲ್ಲಿಸಿದರು. ಅಧ್ಯಕ್ಷರು ಕೈಯಲ್ಲಿದ್ದ ವರದಿಯನ್ನು ಮಡಚಿ, "ಇರ್ಲಿ ಬಿಡಿ ಸರ್, ತಳಿ ಉಳೀತಲ್ಲ. ಅದನ್ನೆಲ್ಲ ನಾವು ಬರ್ಕೊಳ್ಳಲ್ಲ" ಎಂದರು.

"ಬರ್ಕೋಬೇಕು" ಎಂದರು ದೊಡ್ಡ ಸರ್. ದನಿ ಏರಿಸಲಿಲ್ಲ. "ಬೆರಕೆ ಕೀಳೋದು ನಿಮಗೆಲ್ಲ ಹೇಳ್ಕೊಟ್ಟೋನು ನಾನೇ. ಕೀಳೋಕೆ ಮುಂಚೆ ಆ ಬೆಳೆ ಗೊತ್ತಿರೋರನ್ನ ಒಂದು ಮಾತು ಕೇಳ್ಬೇಕು ಅಂತ ಹೇಳ್ಕೊಟ್ಟಿರ್ಲಿಲ್ಲ. ನಂಗೇ ಗೊತ್ತಿರ್ಲಿಲ್ಲ, ಈಯಮ್ಮನ ಹತ್ರ ಕಲಿತೆ. ಈಗ ಹೇಳ್ತಿದೀನಿ, ಬರ್ಕೋ."

ಮೇಡಂ ಪರದೆಯ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತರು. ನರೆಗೂದಲಿನ ಅಧ್ಯಕ್ಷರು ಜೇಬಿನಿಂದ ಪೆನ್ನು ತೆಗೆದರು, ಮಡಚಿದ ವರದಿಯನ್ನು ಮತ್ತೆ ಬಿಡಿಸಿದರು, ತರಗತಿಯಲ್ಲಿ ಎದ್ದು ನಿಂತ ಹುಡುಗನ ಹಾಗೆ ತಲೆ ತಗ್ಗಿಸಿ ಬರೆದುಕೊಂಡರು.